ಖಾಲಿ ಬಿಟ್ಟ ಮೂರನೇ ಮನೆ

ನನ್ನ ಗಂಡನನ್ನು ಕಂಪ್ಯೂಟರು ಕೊಲ್ಲಲಿಲ್ಲ, ಎದೆನೋವು ಕೊಂದಿತು. ನನ್ನ ಮಗಳ ಕೆಲಸವನ್ನೂ ಕಂಪ್ಯೂಟರು ಕಳೆಯಲಿಲ್ಲ, ಕಳೆದವಳು ನಾನು. ನಮ್ಮೂರು ಕುಬಿಹಾಳದಲ್ಲಿ ಇದನ್ನು ಇವತ್ತಿಗೂ ಬೇರೆ ಥರ ಹೇಳುವವರಿದ್ದಾರೆ. ಹೇಳಿಕೊಳ್ಳಲಿ. ನಾನು ಮೂರನೇ ಇಯತ್ತೆಯವರೆಗೆ ಕಲಿತವಳು. ಅಷ್ಟು ಕಲಿತದ್ದೇ ತಪ್ಪಾಯಿತು. ಅಕ್ಷರವೇ ಬಾರದಿದ್ದರೆ ಆ ವರ್ಷ ನನ್ನ ಕೈಯಲ್ಲಿ ಯಾರೂ ಪೆನ್ನು ಕೊಡುತ್ತಿರಲಿಲ್ಲ.

ಹೋದ ತಿಂಗಳು ಬೀಜ ತರಲು ನೆರೆಮನೆಯ ಸೊಸೆಯ ಜೊತೆ ಸಂಶಿಗೆ ಹೋಗಿದ್ದೆ. ಬೀಜದ ಅಂಗಡಿ ಈಗ ಹಳೆಯ ಹತ್ತಿ ಗೋದಾಮಿನಲ್ಲಿದೆ. ಹೊಸ್ತಿಲು ದಾಟಿದ ಕೂಡಲೆ ತಣ್ಣನೆಯ ಸಿಮೆಂಟು, ಹತ್ತಿಕಾಳಿನ ಎಣ್ಣೆ, ಡಾಂಬರು ಗುಳಿಗೆ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನನ್ನ ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ಅಂಗಡಿಯವನು, "ಚಪ್ಲಿ ಇರ್ಲಿ ಬಿಡ್ರಿ ಅಮ್ಮಾರ, ಇದೇನ್ ಗುಡಿಯಲ್ಲ" ಅಂದ. ನಲವತ್ತು ವರ್ಷದ ಹಿಂದೆ ಇದೇ ಬಾಗಿಲಲ್ಲಿ ಗಿರಿಜಾ ನನಗೆ, "ಅವ್ವಾ, ಚಪ್ಲಿ ಹೊರಗ ಬಿಡು. ಒಳಗ ಧೂಳ ಹ್ವಾದ್ರ ಮಶೀನ ಕೆಡ್ತೈತಿ" ಅಂದಿದ್ದಳು. ಬೀಜದ ಚೀಲ ಸೊಸೆಯ ಕೈಗೆ ಕೊಟ್ಟು ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಂತೆ.

ಗಿರಿಜಾ ನನ್ನ ಒಬ್ಬಳೇ ಮಗಳು. ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದು ಕಂಪ್ಯೂಟರಿನ ಡಿಪ್ಲೊಮಾ ಓದುತ್ತಿದ್ದಳು. ಎಂಬತ್ತರ ಮೇಲಿನ ವರ್ಷಗಳು ಅವು. ನಮ್ಮೂರಲ್ಲಿ ಕಂಪ್ಯೂಟರ್ ಅಂದರೆ ಕೆಲವರು ಟೀವಿ ಅನ್ನುತ್ತಿದ್ದರು, ಕೆಲವರು ಟೈಪಿನ ಮಶೀನು ಅನ್ನುತ್ತಿದ್ದರು. ಅವಳ ಓದಿನ ಕಡೆಯ ಆರು ತಿಂಗಳು ಎಲ್ಲಾದರೂ ಕೆಲಸ ಮಾಡುತ್ತ ಕಲಿಯಬೇಕಿತ್ತು. ಸಂಶಿಯಲ್ಲಿ ಹೆಣ್ಣುಮಕ್ಕಳ ಕಣ್ಣು, ರಕ್ತ ತಪಾಸಣೆ ಮಾಡುವ ಒಂದು ಸಂಸ್ಥೆ ಇತ್ತು. ಅದಕ್ಕೆ ಎಲ್ಲಿಂದಲೋ ಒಂದು ಕಂಪ್ಯೂಟರು ಬಂದಿತ್ತು. ಗೋದಾಮಿನ ಒಂದು ಮೂಲೆಗೆ ಗಾಜಿನ ಗೋಡೆ ಕಟ್ಟಿ, ತಂಪು ಮಶೀನು ಹಚ್ಚಿ, ಅದನ್ನು ಒಳಗೆ ಕೂಡಿಸಿದ್ದರು. ಅದಕ್ಕೊಂದು ಟ್ರೇನಿಂಗ್ ಹುಡುಗಿ ಬೇಕು ಅಂತ ಗೊತ್ತಾಗಿ ಗಿರಿಜಾ ಅರ್ಜಿ ಹಾಕಿದಳು. ಚೆನ್ನಾಗಿ ಮಾಡಿದರೆ ಆರು ತಿಂಗಳ ಮೇಲೆ ಕಾಯಂ ಮಾಡುತ್ತೇವೆ ಅಂದಿದ್ದರಂತೆ. ಅವಳಿಗೆ ಬೇಕಾಗಿದ್ದದ್ದು ಅದೇ. ಕಾಯಂ ಆದರೆ ಮದುವೆಯ ಮಾತನ್ನು ಎರಡು ವರ್ಷ ಮುಂದೆ ಹಾಕುವುದಾಗಿ ಅವಳ ಅಪ್ಪ ಮಾತು ಕೊಟ್ಟಿದ್ದರು.

ಇಂಟರ್ವ್ಯೂದ ದಿನ ಶ್ರಾವಣದ ಜಿಟಿಜಿಟಿ ಮಳೆ. ಎರೆ ಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲು ಒಂದೊಂದು ಸೇರು ಭಾರವಾಗಿತ್ತು. ನಮ್ಮ ಮನೆಯವರು ಬರಲಿಲ್ಲ. "ನಾ ಬಂದ್ರ ಅಲ್ಲೆ ಬೀಡಿ ಸೇದತೇನಿ, ಹುಡುಗಿ ಮಾನ ಹೋಗತೈತಿ. ನೀ ಹೋಗ" ಅಂದರು. ಗಾಜಿನ ಕೋಣೆಯ ಬಾಗಿಲ ಹತ್ತಿರ ನಾನು ನೆಲದ ಮೇಲೆ ಕುಂತೆ. ಒಳಗೆ ಸಂಸ್ಥೆಯ ಸಾಹೇಬರು, ಎದುರಿಗೆ ಗಿರಿಜಾ. ಮೊದಲು ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಅವಳು ಉತ್ತರ ಕೊಟ್ಟಳು. ಅವಳ ಕಾಲಿನ ಹೆಬ್ಬೆರಳು ಮಾತ್ರ ನೆಲ ಕೆರೆಯುತ್ತಿತ್ತು. ಆಮೇಲೆ ಸಾಹೇಬರು ಕನ್ನಡಕ್ಕೆ ಬಂದರು.

"ನೋಡವಾ, ರೊಟ್ಟಿ ಅಂದ್ರೇನಂತ ಗೊತ್ತಿಲ್ಲದಾಂವ ಒಬ್ಬಾಂವ ಅದಾನ. ಹೇಳಿದಷ್ಟು ಮಾಡ್ತಾನ, ಹೇಳಲಾರದ್ದು ಮಾಡೂದಿಲ್ಲ. ಅವನ ಕಡಿಂದ ರೊಟ್ಟಿ ಮಾಡಸು."

ಗಿರಿಜಾ ಶುರು ಮಾಡಿದಳು. "ಹಿಟ್ಟು ತಗೊಳ್ಳೋದ್ರಿ. ನೀರು ಹಾಕಿ ನಾದೋದ್ರಿ..."

ನನಗೆ ತಡೆಯಲಿಲ್ಲ. ಬಾಗಿಲಿಂದಲೇ ಅಂದೆ, "ತಣ್ಣೀರಾಗ ನಾದಿದ್ರ ಜ್ವಾಳದ ರೊಟ್ಟಿ ಹರೀತೈತೆಲೇ! ನೀರು ಕಾಸಂತ ಮೊದ್ಲ ಹೇಳು. ಒಲಿ ಹಚ್ಚಂತ ಅದಕ್ಕೂ ಮೊದ್ಲ ಹೇಳು."

ಸಾಹೇಬರು ನಕ್ಕುಬಿಟ್ಟರು. "ಅಮ್ಮಾರ, ಟ್ರೇನಿಂಗಿಗೆ ನಿಮ್ಮನ್ನ ತಗೋಬೇಕ್ರಿ. ಇದ ನೋಡವಾ ಗಿರಿಜಾ, ನಾ ಹೇಳಬೇಕಂತಿದ್ದದ್ದು. ಈ ಮಶೀನಿಗೆ ಹೇಳದ ಬಿಟ್ಟದ್ದು ಇಲ್ಲಂತನ ಲೆಕ್ಕ."

ಕೆಲಸ ಸಿಕ್ಕಿತು. ಬರುವಾಗ ಬಸ್ಸಿನಲ್ಲಿ ಅವಳು ನನ್ನ ಮೇಲೆ ಸಿಟ್ಟು ಮಾಡಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕುಂತಿದ್ದಳು. ಊರು ಹತ್ತಿರ ಬಂದಾಗ ಮಾತ್ರ, "ನೀರು ಕಾಸೋದು ಮರ್ತೆ ನೋಡು" ಅಂತ ತಾನೇ ನಕ್ಕಳು.

ಆಮೇಲೆ ದಿನಾ ಮುಂಜಾನೆ ಮೊದಲ ಬಸ್ಸು. ಎರಡು ರೊಟ್ಟಿ, ಪುಂಡಿಪಲ್ಲೆ ಅಥವಾ ಹಿಂಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದೆ. ನಮ್ಮ ಮನೆಯವರು ಊರಬಾಗಿಲ ಅಗಸಿಯವರೆಗೆ ಅವಳ ಹಿಂದೆ ಹೋಗಿ, ಬಸ್ಸು ಹೊರಟ ಮೇಲೆ ಹೊಲಕ್ಕೆ ಹೋಗುತ್ತಿದ್ದರು. ಸಂಜೆ ಬಂದವಳು ಅಪ್ಪನ ಮುಂದೆ ಕುಂತು ಅವತ್ತು ಮಶೀನಿಗೆ ಏನು ಕಲಿಸಿದೆ ಅಂತ ಹೇಳುತ್ತಿದ್ದಳು. ಎತ್ತಿಗೆ ಗಳೆ ಹೊಡೆಯುವುದು ಕಲಿಸಿದವರು ಅವರು. ಎಲ್ಲ ಕೇಳಿ, "ಒದೀತೈತೇನು?" ಅಂತ ಕೇಳುತ್ತಿದ್ದರು. "ಒದಿಯೂದಿಲ್ಲಪ್ಪಾ, ಸುಮ್ನ ನಿಂದ್ರತೈತಿ." "ಹಂಗಾರ ಅದು ಹಟಮಾರಿ. ಒದಿಯೂದು ಚಲೋ" ಅನ್ನುತ್ತಿದ್ದರು.

ದಸರೆಯ ಹೊತ್ತಿಗೆ ಸಾಹೇಬರು ಅವಳಿಗೆ ಒಂದು ಸ್ವಂತ ಕೆಲಸ ಕೊಟ್ಟರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಪಟ್ಟಿಯನ್ನು ಮಶೀನಿಗೆ ಹಾಕಿ, ಅದು ತಾನೇ ಬೇರೆ ಬೇರೆ ಪಟ್ಟಿ ಮಾಡಿ ಕೊಡುವ ಹಾಗೆ ಪ್ರೋಗ್ರಾಮ್ ಬರೆಯಬೇಕು. ಅದಕ್ಕೆ ಮೊದಲು ಪ್ರತಿ ಮನೆಯ ಫಾರ್ಮು ತುಂಬಬೇಕು. ಫಾರ್ಮಿನಲ್ಲಿ ಗೆರೆ ಎಳೆದ ಮನೆಗಳಿದ್ದವು. ಒಂದನೇ ಮನೆಯಲ್ಲಿ ಹೆಸರು ಮತ್ತು ಓಣಿ, ಎರಡನೇ ಮನೆಯಲ್ಲಿ ವಯಸ್ಸು, ಮೂರನೇ ಮನೆಯಲ್ಲಿ ಗಂಡನ ಹೆಸರು, ಅದರ ಮುಂದೆ ಕಾಯಿಲೆ ಕಸಾಲೆ. ಬೇರೆ ಊರುಗಳಿಗೆ ಸಂಸ್ಥೆಯವರೇ ಹೋದರು. ಕುಬಿಹಾಳದ ಫಾರ್ಮನ್ನು ಗಿರಿಜಾ ನನ್ನ ಕೈಗೆ ಕೊಟ್ಟಳು.

"ಅವ್ವಾ, ನನ್ನ ಮುಂದ ಯಾರೂ ಹೇಳೂದಿಲ್ಲ. ನೀ ಕೇಳು, ನೀನ ಬರಿ. ನಿನ್ನ ಅಕ್ಷರ ನನಗ ತಿಳೀತಾವ."

ಪೆನ್ನೂ ಕೊಟ್ಟಳು. ಅವಳದೇ ಮಸಿಪೆನ್ನು, ಕುತ್ತಿಗೆಯಲ್ಲಿ ಸೋರುತ್ತಿತ್ತು.

ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವುದು ಊರ ನಂಬಿಕೆ. ಹೇಳಲೇಬೇಕಾದರೆ ಒಡಪು ಹಾಕಿ, ಪದ ಕಟ್ಟಿ, ಪದದ ನಡುವೆ ಹೆಸರನ್ನು ಅಡಗಿಸಿ ಹೇಳಬೇಕು. ಮೆಣಸಿನಕಾಯಿ ಒಣಹಾಕಿದ ನಮ್ಮ ಅಂಗಳದಲ್ಲಿ ಮಧ್ಯಾಹ್ನ ಅವರನ್ನೆಲ್ಲ ಕೂಡಿಸಿದೆ. ಒಬ್ಬೊಬ್ಬರಿಗೂ ಸೀನು, ನಗು, ನಾಚಿಕೆ.

ನಿಂಗವ್ವ ಸೆರಗು ಬಾಯಿಗೆ ಹಿಡಿದು ಅಂದಳು, "ಎರಿ ಹೊಲದಾಗ ಬೆಳದೈತಿ ಜ್ವಾಳ, ಬಸಪ್ಪನ ಹೆಸರ ಹೇಳತೇನಿ ಕೇಳ."

ನಾನು ಬಸಪ್ಪ ಅಂತ ಬರೆದೆ.

"ಜ್ವಾಳದ್ದು ಬರಿಲಿಲ್ಲಲ್ಲ ಬೇ?"

"ಜ್ವಾಳ ಅದಕ್ಕ ಬ್ಯಾಡ. ಹೆಸರಷ್ಟ ಸಾಕು."

"ಬರೇ ಹೆಸರು ಬರದ್ರ ಪಾಪ ಹತ್ತತೈತಿ. ಜ್ವಾಳಾನೂ ಬರಿ."

ನನಗೆ ತಲೆ ಕೆಟ್ಟಿತು. "ಹೆಸರು ಹೇಳಿದ್ರ ಗಂಡಸ್ರು ಸಾಯೂದಾಗಿದ್ರ ಅವರವ್ವಗೋಳು ದಿನಾ ಹತ್ತ ಸಲ ಕರದಾರ, ಅವತ್ತ ಸಾಯಬೇಕಿತ್ತು. ಮುಂದಿನಾಕಿ ಬರ್ರಿ" ಅಂತ ಜೋರು ಮಾಡಿದೆ. ಅದು ನಾನೇ ಆಡಿದ ಮಾತು. ಆಮೇಲೆ ಯಾರೂ ಅದನ್ನು ಮರೆಯಲಿಲ್ಲ.

ಕಡೆಗೆ ಬಂದವಳು ಮಾಬೂಬಿ, ಬಾಜು ಮನೆಯವಳು, ನನ್ನ ಗೆಳತಿ. ಅವಳ ಗಂಡ ಸಂತೆಯಿಂದ ಸಂತೆಗೆ ಬಳೆ ಮಾರುತ್ತಿದ್ದ. "ನಂದು ಒಡಪು ಗಿಡಪು ಏನಿಲ್ಲ, ಬರಕೋ, ದಾವಲಸಾಬ. ಅಂವ ಎಲ್ಲಿ ಸಾಯ್ತಾನವಾ, ಸಂತಿಗೆ ಹ್ವಾದ್ರ ಮನೀಗೆ ಬರೂದ ಮರೀತಾನ, ಸಾಯೂದ ನೆನಪಿಟ್ಟಾನೇನು?" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಅವಳು ನನ್ನ ಕಡೆ ಬೊಟ್ಟು ಮಾಡಿದಳು. "ಎಲ್ಲಾರ ಗಂಡಂದ್ರ ಹೆಸರು ಬರಕೊಂಡಿ. ನಿಂದು? ಹಾಕ ಬೇ ಒಡಪು, ಕೇಳೂಣು!"

"ನಂದು ಬರದೇನಿ" ಅಂದೆ.

ಬರೆದಿರಲಿಲ್ಲ. ನನ್ನ ಫಾರ್ಮು ಎಲ್ಲಕ್ಕಿಂತ ಮೊದಲೇ ತುಂಬಿದ್ದೆ. ಗಂಗವ್ವ, ಅಗಸಿ ಓಣಿ, ಅಂತ ಬರೆದೆ. ನಲವತ್ತೆರಡು ಅಂತ ಬರೆದೆ. ಮೂರನೇ ಮನೆಯ ಮೇಲೆ ಪೆನ್ನು ಹಿಡಿದವಳು ಹಾಗೇ ಹಿಡಿದುಕೊಂಡು ಕುಂತೆ. ನಾನು ಆ ನಂಬಿಕೆಯನ್ನು ನಂಬಿದವಳಲ್ಲ. ಆದರೂ ಕೈ ಇಳಿಯಲಿಲ್ಲ. ಮದುವೆಯಲ್ಲಿ ಒಡಪು ಹಾಕು ಅಂದಾಗಲೂ ನಾನು ಹಲ್ಲು ಕಚ್ಚಿ ನಿಂತವಳು. ಇಪ್ಪತ್ತೆರಡು ವರ್ಷ "ಇವರ", "ಕೇಳಿದ್ರೇನ್ರಿ", "ಗಿರಿಜಾನ ಅಪ್ಪ" ಅಂತಲೇ ಸಂಸಾರ ಮಾಡಿದ್ದೆ. ಆಮೇಲೆ ಬರೆದರಾಯಿತು ಅಂತ ಫಾರ್ಮನ್ನು ಕಟ್ಟಿನ ಒಳಗೆ ಸೇರಿಸಿದೆ. ಆಮೇಲೆ ಅನ್ನುವುದು ಬರಲಿಲ್ಲ.

ಊರಲ್ಲಿ ಗಂಡ ಸತ್ತವರ ಫಾರ್ಮಿನಲ್ಲಿ ಮೂರನೇ ಮನೆ ಖಾಲಿ ಬಿಟ್ಟಿದ್ದೆ. ಸತ್ತವನ ಹೆಸರು ಕೇಳಿ ಅವರನ್ನು ಮತ್ತೆ ಅಳಿಸುವುದು ಯಾಕೆ ಅಂದೆ, ಗಿರಿಜಾಳೂ ಹೂಂ ಅಂದಳು. ಬೇರೆ ಊರುಗಳಲ್ಲೂ ಹಾಗೇ ಮಾಡಿದ್ದರಂತೆ.

ಕೆಲವು ದಿನದ ಮೇಲೆ ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಗಿರಿಜಾ ಒಲೆಯ ಮುಂದೆ ಬಂದು ಕುಂತಳು.

"ಅವ್ವಾ, ಗಂಡ ಇಲ್ಲದವರಿಗೆ ಹೊಲಿಗಿ ಕಲಸ್ತಾರಂತ. ಅವರದು ಬ್ಯಾರೆ ಪಟ್ಟಿ ತಗಿ ಅಂದಾರ ಸಾಹೇಬ್ರು. ಫಾರ್ಮಿನ್ಯಾಗ ಅದನ್ನ ಕೇಳೇ ಇಲ್ಲ. ಮೂರನೇ ಮನಿ ಖಾಲಿ ಇದ್ದಾಕಿ ಯಾರಿರತಾರ?"

"ಗಂಡ ಇಲ್ಲದಾಕಿ. ಮತ್ಯಾರು?"

"ಲಗ್ನ ಆಗಲಾರದವರು?"

"ವಯಸ್ಸು ನೋಡು. ಮೂವತ್ತರ ಮ್ಯಾಲ ಲಗ್ನ ಆಗಲಾರದಾಕಿ ನಮ್ಮ ಸೀಮಿಯೊಳಗ ಎಲ್ಲದಾಳ?"

"ಹಂಗಾರ ಮೂರನೇ ಮನಿ ಖಾಲಿ, ವಯಸ್ಸು ಮೂವತ್ತರ ಮ್ಯಾಲ. ಖರೇ?"

"ಖರೇ. ತವಿ ಮ್ಯಾಲಿನ ರೊಟ್ಟಿ ತಿರುವು."

ಅವಳು ರೊಟ್ಟಿ ತಿರುವಿಹಾಕಿ ಎದ್ದು ಹೋಗಿ ನೋಟಬುಕ್ಕಿನಲ್ಲಿ ಬರೆದುಕೊಂಡಳು. ಮಶೀನಿಗೆ ಹೋದ ನಿಯಮ ಹುಟ್ಟಿದ್ದು ನನ್ನ ಬಾಯಿಂದ. ಆ ಹೊತ್ತಿಗೆ ನನ್ನ ಫಾರ್ಮು ನೆನಪಿಗೆ ಬರಲಿಲ್ಲ. ಗಂಡ ಇಲ್ಲದವಳು ಅಂದಾಗ ನಾನು ನನ್ನನ್ನು ಯಾಕೆ ನೆನೆಯಲಿ? ನಮ್ಮ ಮನೆಯವರು ಅಲ್ಲೇ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕುಂತಿದ್ದರು.

ಎಲ್ಲ ಫಾರ್ಮುಗಳನ್ನೂ ಅವಳು ಮಶೀನಿಗೆ ಟೈಪು ಹೊಡೆದಳು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ, ಎಲ್ಲವನ್ನೂ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಬೇಕಿತ್ತು. ಗಂಗವ್ವ ಅನ್ನುವವರು ನಮ್ಮೂರಲ್ಲೇ ಐದು ಮಂದಿ. ಅಷ್ಟು ಫಾರ್ಮು ಹೊಡೆಯುವ ಅವಸರದಲ್ಲಿ ನನ್ನದು ಯಾವುದು ಅಂತ ಅವಳ ಲಕ್ಷ್ಯಕ್ಕೆ ಬರಲಿಲ್ಲ. ಅವ್ವ ತುಂಬಿದ್ದು ಅಂತ ಕುಬಿಹಾಳದ ಕಟ್ಟನ್ನು ತಿರುಗಿ ಪರೀಕ್ಷೆ ಮಾಡಲೂ ಇಲ್ಲ. ಹೊಡೆದಾದ ಮೇಲೆ ಕಟ್ಟನ್ನು ಮನೆಗೆ ತಂದು ತನ್ನ ಟ್ರಂಕಿನಲ್ಲಿ ಇಟ್ಟಳು.

ಚಳಿ ಬಿತ್ತು. ಕಡಲೆ ಹೂ ಬಿಟ್ಟಿತ್ತು, ಹತ್ತಿ ಒಡೆಯಲು ಹತ್ತಿತ್ತು. ಒಂದು ಮುಂಜಾನೆ ಸಂಸ್ಥೆಯ ನರ್ಸಬಾಯಿ ಪಟ್ಟಿ ತೆಗೆದುಕೊಂಡು ನಮ್ಮೂರ ಚಾವಡಿಗೆ ಬಂದರು. ಅಂಚಿನಲ್ಲಿ ತೂತಿದ್ದ ಉದ್ದನೆಯ ಕಾಗದ, ಸೀರೆಯ ಹಾಗೆ ಮಡಿಕೆ ಮಡಿಕೆ. ಗಿರಿಜಾಳ ಪ್ರೋಗ್ರಾಮಿನ ಮೊದಲ ಪಟ್ಟಿ ಅದು. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ನರ್ಸಬಾಯಿಯ ಬಾಜು ನಿಂತಿದ್ದಳು. ನಮ್ಮ ಮನೆಯವರು ರುಮಾಲು ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ಕುಂತಿದ್ದರು. ಅಷ್ಟು ಮುಂದೆ ಅವರು ಎಂದೂ ಕುಂತವರಲ್ಲ.

"ಗಂಡ ತೀರಿದವರ ಹೆಸರು ಓದತೇನ್ರಿ, ಕೇಳ್ರಿ" ಅಂದರು ನರ್ಸಬಾಯಿ. ಆರೇಳು ಹೆಸರು ಓದಿದರು. ಆಮೇಲೆ, "ಗಂಗವ್ವ, ಅಗಸಿ ಓಣಿ, ವಯಸ್ಸು ನಲವತ್ತೆರಡು."

ಅಗಸಿ ಓಣಿಯಲ್ಲಿ ನಲವತ್ತೆರಡರ ಗಂಗವ್ವ ಒಬ್ಬಳೇ. ಹೆಂಗಸರ ಕಡೆಯಿಂದ ಒಂದು ಸದ್ದು ಬಂತು, ಗಾಳಿ ಒಳಗೆ ಎಳೆದುಕೊಂಡ ಹಾಗೆ. ಗಿರಿಜಾ ಕಾಗದವನ್ನು ಕಸಿದುಕೊಂಡು ನೋಡಿದಳು. ಅವಳ ಮುಖ ಸುಣ್ಣ ಬಳಿದ ಗೋಡೆಯಾಯಿತು.

ನಮ್ಮ ಮನೆಯವರು ಎದ್ದು ನಿಂತು ರುಮಾಲು ಸರಿಮಾಡಿಕೊಂಡರು. "ಹಂಗಾರ ನನ್ನ ಹೊತಗೊಂಡ ಹೋಗ್ರಲೇ ಮನೀಗೆ. ಸತ್ತಾಂವನ್ನ ಯಾಕ ನಡಸ್ತೀರಿ?" ಅಂದರು. ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ. ನನ್ನ ಅತ್ತೆ ಸೆರಗಿನಿಂದ ಕಿವಿ ಮುಚ್ಚಿಕೊಂಡು ಮನೆಗೆ ಹೋಗಿ ಮಗನಿಗೆ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹುಡುಕಿದಳು.

ಮಧ್ಯಾಹ್ನ ಹೊಲಕ್ಕೆ ಬುತ್ತಿ ಒಯ್ದೆ. ಬೇವಿನ ಮರದ ಕೆಳಗೆ ಉಣ್ಣುತ್ತ ಅವರು ನನ್ನ ಮುಖ ನೋಡದೆ ಕೇಳಿದರು.

"ಖಾಲಿ ಬಿಟ್ಟಿದ್ದೇನು?"

ನಾನು ಇನ್ನೊಂದು ರೊಟ್ಟಿ ಅವರ ಮುಂದೆ ಇಟ್ಟೆ.

"ಬಿಟ್ಟಿ. ನನಗ ಗೊತ್ತು ನಿನ್ನ ಹಟ." ಕೈ ತೊಳೆದರು. "ಹುಡುಗಿ ಮುಂದ ಹೇಳಿಬಿಡು. ಆಕೀ ತಾನ ತಪ್ಪ ಮಾಡೇನಂತ ಅಳಾಕತ್ತಾಳ."

"ಹೇಳತೇನಿ."

"ಮತ್ತ ಒಂದ ಮಾತು. ನಿನ್ನ ಬಾಯಾಗ ನನ್ನ ಹೆಸರು ನಾ ಒಂದ ಸಲಾನೂ ಕೇಳಿಲ್ಲ. ಇಲ್ಲಿ ಯಾರೂ ಇಲ್ಲ, ಬೇವಿನ ಗಿಡ ಅಷ್ಟ. ಒಮ್ಮಿ ಅನ್ನು."

"ಕೆಲಸಿಲ್ಲೇನ್ರಿ ನಿಮಗ" ಅಂತ ಬುತ್ತಿಬಟ್ಟೆ ಝಾಡಿಸಿ ಎದ್ದೆ. ಅವರು ನಕ್ಕು ಬೀಡಿ ಹಚ್ಚಿದರು.

ಗಿರಿಜಾಳಿಗೂ ಹೇಳಲಿಲ್ಲ. ಇವತ್ತು ನಾಳೆ ಅಂದೆ. ಹತ್ತನೇ ದಿನ ಹತ್ತಿ ತುಂಬಿದ ಅಂಡಿಗೆ ಚೀಲ ಎತ್ತಿ ಚಕ್ಕಡಿಗೆ ಹಾಕುವಾಗ ಅವರು ಎದೆ ಹಿಡಿದುಕೊಂಡು ಕುಂತರು. ಬೆಳಗಿನಿಂದಲೇ ಎಡಗೈ ಜೋಮು ಹಿಡಿದಿದೆ ಅನ್ನುತ್ತಿದ್ದರಂತೆ, ಆಳುಗಳಿಗೆ ಹೇಳಿದ್ದರು, ನನಗೆ ಹೇಳಿರಲಿಲ್ಲ. ಅದೇ ಚಕ್ಕಡಿಯಲ್ಲಿ ಹತ್ತಿಯ ಮೇಲೆ ಮಲಗಿಸಿ ಕುಂದಗೋಳದ ಆಸ್ಪತ್ರೆಯ ಹಾದಿ ಹಿಡಿದೆವು. ಅರ್ಧ ಹಾದಿಗೆ ಕೈ ತಣ್ಣಗಾಯಿತು. ಹತ್ತಿ ಬಿಸಿಲಿಗೆ ಕಾದಿತ್ತು, ಅವರು ತಣ್ಣಗಿದ್ದರು. ಅದರ ಮೇಲೆ ನಾನು ಇನ್ನೇನೂ ಬರೆಯುವುದಿಲ್ಲ.

ಊರಿಗೆ ಹೇಳಲು ಒಂದು ಮಾತು ಸಿಕ್ಕಿತು. ಕಂಪ್ಯೂಟರ್ ಬರೆದದ್ದು ಖರೆ ಆಯಿತು. ಮಗಳೇ ಅಪ್ಪನ ಹೆಸರು ಅಳಿಸಿದಳು. ನೀರಿನ ಬಾವಿಯಲ್ಲಿ ಗಿರಿಜಾ ಕೊಡ ಇಟ್ಟರೆ ಬಾಜು ಕೊಡದವರು ಸರಿದು ನಿಲ್ಲುತ್ತಿದ್ದರು. ಮಾಬೂಬಿ ಒಬ್ಬಳು, "ಹಂಗಾರ ನನ್ನ ಗಂಡನ ಹೆಸರು ಢಾಳಾಗಿ ಬರದೈತಿ, ಅಂವ ಸಾವಿರ ವರ್ಷ ಬದುಕ್ತಾನೇನ್ರಿ? ಅಯ್ಯೋ ನನ್ನ ಕರ್ಮ!" ಅಂತ ಅವರ ಬಾಯಿ ಮುಚ್ಚಿಸಲು ನೋಡಿದಳು. ಆಗಲಿಲ್ಲ.

ದಿನಕರ್ಮ ಮುಗಿದ ಮೇಲೆ ಸಾಹೇಬರು ಮನೆಗೆ ಬಂದರು. ಒಳ್ಳೆಯ ಮನುಷ್ಯ. ಎಮ್ಮೆಯ ಗೂಟದ ಹತ್ತಿರವೇ ಬೂಟು ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕುಂತರು. ಅತ್ತೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡಿದ್ದಳು. ಗಿರಿಜಾ ಕಂಬ ಹಿಡಿದು ನಿಂತಿದ್ದಳು.

"ಗಿರಿಜಾ, ಮ್ಯಾಲಿನವರು ನನ್ನ ಕೇಳಾಕತ್ತಾರ, ಹಿಂಗ ಹೆಂಗಾತಂತ. ಅಸಲು ಫಾರ್ಮು ನೋಡಬೇಕು. ಫಾರ್ಮಿನ್ಯಾಗ ಮೂರನೇ ಮನಿ ಖಾಲಿ ಇತ್ತಂದ್ರ, ತುಂಬಿದವರ ತಪ್ಪು. ನಿಯಮ ನಾನೂ ನೋಡಿ ಒಪ್ಪಿದ್ದೆ, ಅದನ್ನ ನಾ ಬರಕೊಡತೇನಿ, ನೀ ಇರತಿ. ಕಾಯಂ ಮಾಡಸೂದು ನನ್ನ ಜವಾಬ್ದಾರಿ. ಆದ್ರ ಫಾರ್ಮಿನ್ಯಾಗ ಹೆಸರಿದ್ದು ನೀ ಹೊಡಿಯೂದು ಬಿಟ್ಟಿದ್ದಿ ಅಂದ್ರ, ನಿನ್ನ ಇಟ್ಟುಕೊಳ್ಳಾಕ ನನಗ ಆಗೂದಿಲ್ಲವಾ. ನಾಳೆ ಮಧ್ಯಾಹ್ನ ಬರತೇನಿ. ಹುಡುಕಿ ಇಡು."

ಅವರು ಹೋದ ಮೇಲೆ ಅತ್ತೆ ಗೋಡೆಯ ಕಡೆಯಿಂದಲೇ ಮಾತಾಡಿದಳು. "ಹುಡುಕ್ರಿ. ಖಾಲಿ ಬಿಟ್ಟಾಕಿ ಯಾರಂತ ಗೊತ್ತಾಗ್ಲಿ. ಆಕೀನ ನನ್ನ ಮಗನ್ನ ನುಂಗಿದಾಕಿ. ಆಕಿ ಕೈಯಾನ ನೀರು ನಾ ಮುಟ್ಟೂದಿಲ್ಲ."

ಗಿರಿಜಾ ನನಗೆ ಮೆಲ್ಲಗೆ ಅಂದಳು, "ಅವ್ವಾ, ನಾ ಹೊಡಿಯುವಾಗ ಖಾಲಿ ಇತ್ತಂತ ಅನಸ್ತೈತಿ. ನಾಳೆ ಸಾಹೇಬ್ರ ಮುಂದನ ತಗಿಯೂಣು. ಮೊದ್ಲ ನೋಡಾಕ ನನಗ ಧೈರ್ಯಿಲ್ಲ."

ಮರುದಿನ ಮುಂಜಾನೆ ಅವಳು ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಳು. ಅತ್ತೆ ಬಿಸಿಲಿಗೆ ಅಂಗಳದಲ್ಲಿ ಮಲಗಿದ್ದಳು. ನಾನು ಪಡಸಾಲೆಯಲ್ಲಿ ಟ್ರಂಕು ತೆಗೆದೆ. ಕಟ್ಟಿನ ಕಟ್ಟಕಡೆಗೆ ನನ್ನ ಫಾರ್ಮು. ಒಂದನೇ ಮನೆ, ಎರಡನೇ ಮನೆ, ಆಮೇಲೆ ಬಿಳಿ. ಅದನ್ನು ಹಾಗೇ ಬಿಟ್ಟಿದ್ದರೆ ಮಗಳ ಕೆಲಸ ಉಳಿಯುತ್ತಿತ್ತು. ನನಗೆ ಅದು ಗೊತ್ತಿತ್ತು. ತಿಳಿಯದೆ ಮಾಡಿದೆ ಅಂತ ಈಗ ಹೇಳಿಕೊಂಡರೆ ಅದೊಂದು ಸುಳ್ಳು. ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಅವಳು ಇವತ್ತಲ್ಲ ನಾಳೆ ಮದುವೆಯಾಗಿ ಈ ಊರು ಬಿಡುತ್ತಾಳೆ, ಈ ಅಂಗಳ, ಈ ಬಾವಿ, ಈ ಅತ್ತೆ, ಸಾಯುವತನಕ ನನ್ನ ಪಾಲು. ಹೆಸರು ಹೇಳಿದರೆ ಯಾರೂ ಸಾಯುವುದಿಲ್ಲ ಅಂತ ಊರ ಹೆಂಗಸರಿಗೆ ಜೋರು ಮಾಡಿದವಳು ತಾನೇ ಬರೆಯದೆ ಬಿಟ್ಟಳು, ಗಂಡನನ್ನು ತಾನೇ ಇಲ್ಲ ಮಾಡಿದಳು. ಆ ಮಾತನ್ನು ಹೊತ್ತು ತಿರುಗುವ ಶಕ್ತಿ ನನಗಿರಲಿಲ್ಲ.

ಪೆನ್ನು ತೆಗೆದೆ. ಕುತ್ತಿಗೆಯಲ್ಲಿ ಸೋರಿ ತೋರುಬೆರಳಿಗೆಲ್ಲ ನೀಲಿ ಹತ್ತಿತು, ನೆಲದ ಮೇಲೆ ಎರಡು ಹನಿ ಬಿತ್ತು. ಮೂರನೇ ಮನೆಯಲ್ಲಿ ಬರೆದೆ. ಫಕ್ಕೀರಪ್ಪ.

ನಾಲ್ಕು ಅಕ್ಷರ. ಬೇವಿನ ಮರದ ಕೆಳಗೆ ಕೇಳಿದಾಗ ಕೊಡಲಿಲ್ಲ. ಮಗಳ ಕುತ್ತಿಗೆಗೆ ಬರುವಾಗ ಸರಸರ ಬಂತು.

ಮಧ್ಯಾಹ್ನ ಸಾಹೇಬರು ಬಂದರು. ಗಿರಿಜಾ ಅವರ ಮುಂದೆಯೇ ಟ್ರಂಕು ತೆಗೆದು, ಕಟ್ಟು ಬಿಚ್ಚಿ, ಒಂದೊಂದೇ ಫಾರ್ಮು ತಿರುವಿದಳು. ನನ್ನದು ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮೊದಲ ಎರಡು ಮನೆಯ ಮಸಿ ಮಾಸಿತ್ತು, ಮೂರನೆಯದು ಕಣ್ಣಿಗೆ ಹೊಡೆಯುತ್ತಿತ್ತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ತಡವಾಗಿತ್ತು. ಅವಳ ಕಣ್ಣು ನನ್ನ ಬೆರಳಿನ ಮೇಲೆ ಇಳಿದು, ಅಲ್ಲಿಂದ ನೆಲದ ಹನಿಗಳ ಮೇಲೆ ಹೋಗಿ, ತಿರುಗಿ ಫಾರ್ಮಿಗೆ ಬಂತು.

"ಏನೈತಿವಾ?" ಸಾಹೇಬರು ಕೇಳಿದರು.

"ಹೆಸರು ಐತ್ರಿ ಸರ್."

"ಸರಿಯಾಗಿ ನೋಡು. ಕೊಡಿಲ್ಲಿ."

ಅವಳು ಕೊಡಲಿಲ್ಲ. ಫಾರ್ಮನ್ನು ಎರಡು ಮಡಿಕೆ ಮಾಡಿ ಕಟ್ಟಿನ ನಡುವೆ ಸೇರಿಸಿ ದಾರ ಬಿಗಿದಳು. "ನೋಡೇನ್ರಿ. ನಾನ ಹೊಡಿಯೂದು ಬಿಟ್ಟೇನಿ. ತಪ್ಪು ನಂದ್ರಿ."

ಸಾಹೇಬರು ಕಟ್ಟನ್ನು ತೆಗೆದುಕೊಂಡು, ಅತ್ತೆಗೆ ಕೈ ಮುಗಿದು ಹೋದರು. ದಾರಿಯಲ್ಲಿ ಬಿಚ್ಚಿ ನೋಡಿದರೋ ಇಲ್ಲವೋ ಗೊತ್ತಿಲ್ಲ. ತಿರುಗಿ ಬರಲಿಲ್ಲ. ಅತ್ತೆ ಮೂಲೆಯಿಂದ ಎದ್ದು ಬಂದು, ನಾನು ಕೊಟ್ಟ ನೀರನ್ನು ಕುಡಿದು, ಮೊಮ್ಮಗಳ ಕಡೆ ಬೆನ್ನು ಮಾಡಿ ಮಲಗಿದಳು. ಗಿರಿಜಾ ಟ್ರಂಕಿನ ಮುಚ್ಚಳ ಹಾಕಿದಳು. ಮರುವರ್ಷ ನವಲಗುಂದದ ಕಡೆ ಮದುವೆಯಾಗಿ ಹೋದಳು, ನಾಲ್ಕು ಮಕ್ಕಳಾದವು, ಹಬ್ಬಕ್ಕೆ ಬರುತ್ತಾಳೆ, ನನ್ನ ಕಾಲು ತಿಕ್ಕುತ್ತಾಳೆ. ಇವತ್ತಿನವರೆಗೂ ಆ ಮಾತನ್ನು ಎತ್ತಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಮುಗಿಸಿಬಿಡುತ್ತಿದ್ದೆ.

ಸಾಹೇಬರು ಹೋದ ಮರುದಿನ ಬೆಳಿಗ್ಗೆ ನಾನು ಎಂದಿನ ಹೊತ್ತಿಗೆ ಎದ್ದೆ. ಮೊದಲ ಬಸ್ಸು ಅಗಸಿಯಲ್ಲಿ ಹಾರ್ನು ಹೊಡೆದು ಹೋಯಿತು. ನಾನು ಸೆಗಣಿ ಕಲಸಿ, ಸೀರೆ ಎತ್ತಿ ಕಟ್ಟಿ, ಪಡಸಾಲೆ ಸಾರಿಸಿದೆ. ಮಸಿಯ ಹನಿ ಇದ್ದ ಕಡೆ ಕೈ ಒತ್ತಿ ಸಾರಿಸಿದೆ. ಗಿರಿಜಾ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಅವ್ವಾ, ಅಲ್ಲೆ ಆಗ್ಲೇ ಸಾರಿಸಿದಿಯಲ್ಲ" ಅಂದಳು.

"ಗೊತ್ತೈತಿ" ಅಂದು ಬುಟ್ಟಿಯಿಂದ ಮತ್ತೊಂದು ಹಿಡಿ ಸೆಗಣಿ ತೆಗೆದುಕೊಂಡೆ.